ನಾನು ರುಚಿ ನೋಡದ ಅಂಟು

ಒಂದು ಬೆರಳಿನಷ್ಟು ಅಂಟನ್ನು ನಾನು ನಾಲಿಗೆಗೆ ಹಚ್ಚಿ ನೋಡಬೇಕಾಗಿತ್ತು, ನೋಡಲಿಲ್ಲ. ನೋಡಿದೆ ಎಂದು ಹೇಳಿದೆ. ನನ್ನ ತಪ್ಪು ಇಷ್ಟೇ. ಹೇಳಿ ಮುಗಿಸಲು ಒಂದು ಉಸಿರು ಸಾಕು. ಆದರೆ ಆ ಉಸಿರು ಬಿಡಲು ನನಗೆ ವರ್ಷಗಳೇ ಹಿಡಿದವು. ಅಷ್ಟೂ ವರ್ಷ ನಮ್ಮ ಅಕ್ಕ ಗೌರಕ್ಕ ನನ್ನ ತಪ್ಪನ್ನು ತನ್ನದೆಂದು ತಿಳಿದು, ಒಲೆಯ ಮುಂದಿನ ತನ್ನ ಜಾಗವನ್ನು ಬಿಟ್ಟು, ಶೆಡ್ಡಿನ ಮೂಲೆಯಲ್ಲಿ ಡಬ್ಬಿ ಮಡಚುತ್ತ ಕುಳಿತಳು. ಜನ ಸುಳ್ಳು ಹೇಳುವುದನ್ನು ನಾನೂ ಬೇಕಾದಷ್ಟು ಕೇಳಿದ್ದೇನೆ. ಹೊಲದ ಬದುವಿನ ಬಗ್ಗೆ ಹೇಳುತ್ತಾರೆ, ವರನ ವಯಸ್ಸಿನ ಬಗ್ಗೆ ಹೇಳುತ್ತಾರೆ, ಎಮ್ಮೆ ಕೊಡುವ ಹಾಲಿನ ಬಗ್ಗೆ ಹೇಳುತ್ತಾರೆ. ಮೈದಾ ಹಿಟ್ಟಿನ ಅಂಟಿನ ಬಗ್ಗೆ ಸುಳ್ಳು ಹೇಳಿದವನು ಹೊಸಪೇಟೆ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಅಂಟನ್ನು ಯಾರಾದರೂ ನಾಲಿಗೆಗೆ ಹಚ್ಚುತ್ತಾರೆಯೇ ಎಂದು ನೀವು ಕೇಳುವುದು ನನಗೆ ಗೊತ್ತು. ಅದನ್ನು ಹೇಳಬೇಕಾದರೆ ನಮ್ಮ ಶೆಡ್ಡಿನ ವಿಷಯ ಹೇಳಬೇಕು. ಹೊಸಪೇಟೆಯಲ್ಲಿ ನಮ್ಮದು ರಟ್ಟಿನ ಡಬ್ಬಿ ಮಾಡುವ ಶೆಡ್ಡು, ಅಪ್ಪ ಹಾಕಿದ್ದು. ಡ್ಯಾಮಿನ ನೀರು ಕಾಲುವೆಗೆ ಹರಿದು ನಮ್ಮ ಕಡೆ ಎರಡೆರಡು ಬೆಳೆ ಬರತೊಡಗಿದ ಮೇಲೆ ಜನರಿಗೆ ಡಬ್ಬಿಯ ಹುಚ್ಚು ಹಿಡಿಯಿತು. ಅದುವರೆಗೆ ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ ಕೊಟ್ಟರೆ ಸುಮ್ಮನೆ ಒಯ್ಯುತ್ತಿದ್ದವರು ಈಗ ಸೀರೆಗೊಂದು ಡಬ್ಬಿ, ಪೇಢೆಗೊಂದು ಡಬ್ಬಿ, ಊದಿನಕಡ್ಡಿಗೊಂದು ಡಬ್ಬಿ ಕೇಳತೊಡಗಿದರು. ಒಬ್ಬರಂತೂ ಮಗಳ ಮದುವೆಯಲ್ಲಿ ಎಲೆ ಅಡಿಕೆ ಕೊಡುವುದಕ್ಕೂ ಡಬ್ಬಿ ಮಾಡಿಸಿದರು. ಬಂದವರು ಡಬ್ಬಿಯೊಳಗೆ ಬೇರೆ ಏನೋ ಇದೆಯೆಂದು ಮನೆಗೆ ಹೋಗಿ ಬಿಚ್ಚಿ ನೋಡಿ ಬೈದರಂತೆ. ಬೈಗುಳ ಅವರಿಗೆ, ಗಿರಾಕಿ ನಮಗೆ.

ಅಪ್ಪನ ನಂತರ ಕೆಲಸ ಇಬ್ಬರಿಗೂ ಹಂಚಿಕೆಯಾಯಿತು. ರಟ್ಟು ಕತ್ತರಿಸುವುದು ಮತ್ತು ಗಿರಾಕಿಗಳ ಹತ್ತಿರ ಮಾತಾಡುವುದು ನನ್ನ ಪಾಲು. ಅಂಟು ಅಕ್ಕನ ಪಾಲು. ಅಕ್ಕನನ್ನು ಪಕ್ಕದ ಓಣಿಗೇ ಕೊಟ್ಟಿದ್ದರು. ಭಾವ ಕಾಲುವೆ ಕಾಯುವ ಲಸ್ಕರ್. ಹೀಗಾಗಿ ಬೆಳಿಗ್ಗೆ ಅವರು ಕಾಲುವೆಗೆ, ಈಕೆ ಶೆಡ್ಡಿಗೆ. ಓದಿನ ಮಾತು ಬೇಡ. ನಾನು ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟೆ. ಮೇಷ್ಟ್ರ ಪ್ರಕಾರ ಶಾಲೆಯೇ ನನ್ನನ್ನು ಬಿಟ್ಟಿತು. ಅಕ್ಕ ನನ್ನಷ್ಟೂ ಓದಿದವಳಲ್ಲ.

ಹೊರಗಿನವರಿಗೆ ಅಂಟು ಎಂದರೆ ಅಂಟು. ಎರಡನ್ನು ಒಂದು ಮಾಡುವ ಒಂದು ಲೊಳೆ. ಅಕ್ಕನಿಗೆ ಹಾಗಲ್ಲ. ಯಾರೇ ಡಬ್ಬಿ ಕೇಳಿಕೊಂಡು ಬಂದರೂ ನಾನು ಮಾತು ಶುರುಮಾಡುವ ಮೊದಲೇ ಒಲೆಯ ಕಡೆಯಿಂದ ಅವಳ ದನಿ ಬರುತ್ತಿತ್ತು.

"ಒಳಗ ಏನು ಹಾಕ್ತೀರಿ?"

"ನಿನಗ್ಯಾಕವ್ವ ಅದು? ಡಬ್ಬಿ ಮಾಡಿಕೊಡು ಸಾಕು."

"ಮನಿ ಕಟ್ಟೋರಿಗೆ ಒಳಗ ದನ ಇರ್ತಾವೋ ಜನ ಇರ್ತಾರೋ ಗೊತ್ತಿರಬೇಕಲ್ರಿ. ಮತ್ತ ಯಾವ ಊರಿಗೆ ಹೋಗ್ತೈತಿ? ಬಿಸಲಾಗ ಇಡ್ತೀರೋ, ನೆರಳಾಗೋ?"

ಗಿರಾಕಿ ನನ್ನ ಮುಖ ನೋಡುತ್ತಿದ್ದ. ನಾನು ಹೌದಪ್ಪ ಹೇಳು ಎಂಬಂತೆ ಕೈಯಾಡಿಸುತ್ತಿದ್ದೆ. ಅವಳ ಲೆಕ್ಕ ನಿಧಾನವಾಗಿ ನನಗೂ ತಿಳಿಯಿತು. ನಮ್ಮ ಅಂಟುಗಳೆಲ್ಲ ನೀರಿನಲ್ಲಿ ಕಲಸಿದವು. ಆ ನೀರು ರಟ್ಟಿನೊಳಗೆ ಸ್ವಲ್ಪ ಇಳಿಯಬೇಕು, ಉಳಿದದ್ದು ಗಾಳಿಗೆ ಹೋಗಬೇಕು, ಹೋಗುವಾಗ ಎರಡು ಮೈಗಳನ್ನು ಹಿಡಿಸಿಟ್ಟು ಹೋಗಬೇಕು. ಒರಟು ರಟ್ಟು ನೀರನ್ನು ಗಟಗಟ ಕುಡಿಯುತ್ತದೆ. ಅದಕ್ಕೆ ಗಟ್ಟಿ ಅಂಟು. ಮೆರುಗು ಕೊಟ್ಟ ನುಣುಪು ಕಾಗದ ಒಂದು ಹನಿಯನ್ನೂ ಮುಟ್ಟುವುದಿಲ್ಲ. ಅದಕ್ಕೆ ಅಂಚು ಕೆರೆದು ಹಚ್ಚಬೇಕು. ಭಾರದ ಸಾಮಾನಿನ ಡಬ್ಬಿಗೆ ಹುಣಸೆ ಬೀಜ ಹುರಿದು ಕುಟ್ಟಿ ಕಾಸಿದ ಅಂಟು, ಕಲ್ಲಿನಂತೆ ಹಿಡಿಯುತ್ತದೆ. ಆದರೆ ಅದು ಕೆಂಪಗೆ ಕಲೆ ಬಿಡುವುದರಿಂದ ಸೀರೆ ಡಬ್ಬಿಗೆ ನಡೆಯುವುದಿಲ್ಲ. ಹಂಪಿಯಲ್ಲಿ ಫೋಟೋ ಮಾರುವವನೊಬ್ಬ ನಮ್ಮಲ್ಲಿ ಲಕೋಟೆ ಮಾಡಿಸುತ್ತಿದ್ದ. ಅದರ ಬಾಯಿಗೆ ಅಕ್ಕ ಜಾಲಿ ಗೋಂದನ್ನೇ ಆರಿಸಿ ಹಚ್ಚುತ್ತಿದ್ದಳು. "ಬಿಳಿ ಮಂದಿ ಲಕೋಟಿ ನೆಕ್ಕಿ ಅಂಟಸ್ತಾರಂತ. ದೂರದಿಂದ ಬಂದ ಮಂದಿ, ಬಾಯಿ ಕೆಡಬಾರ್ದು" ಎನ್ನುತ್ತಿದ್ದಳು. ಹಂಪಿಗೆ ಬಂದ ಎಷ್ಟು ಪರದೇಶದವರು ಅಕ್ಕನ ಕೈರುಚಿ ನೋಡಿ ಹೋದರೋ, ಅವರಿಗೇ ಗೊತ್ತಿಲ್ಲ.

ಉಳಿದದ್ದಕ್ಕೆಲ್ಲ ಮೈದಾ ಅಂಟು. ಅಗ್ಗ, ಬೆಳ್ಳಗೆ, ಕಲೆಯಿಲ್ಲ, ವಾಸನೆಯಿಲ್ಲ. ಒಂದೇ ಕಷ್ಟವೆಂದರೆ ನಮಗೆ ರುಚಿಯಾದದ್ದು ಹುಳಕ್ಕೂ ಇಲಿಗೂ ರುಚಿಯೇ. ಅದಕ್ಕೆ ಕಾಸುವಾಗ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಹುಳ ಬರುವುದಿಲ್ಲ, ಅಂಟೂ ಬೇಗ ಕೆಡುವುದಿಲ್ಲ. ಆದರೆ ತಿನ್ನುವ ಪದಾರ್ಥದ ಡಬ್ಬಿಗೆ ಮೈಲುತುತ್ತ ಹಾಕುವುದನ್ನು ಅಕ್ಕ ಒಪ್ಪುತ್ತಿರಲಿಲ್ಲ. ಹಾಕದಿದ್ದರೆ ನಮ್ಮೂರ ಸೆಕೆಗೆ ಅಂಟು ಒಂದೇ ರಾತ್ರಿಯಲ್ಲಿ ಹುಳಿ ಹಿಡಿಯಬಹುದು. ಹುಳಿ ಹಿಡಿದ ಅಂಟು ನೋಡಲು ಹಾಗೆಯೇ ಇರುತ್ತದೆ, ಬೆರಳಿಗೂ ಅಂಟುತ್ತದೆ, ಆದರೆ ಒಳಗಿನ ಹಿಡಿತ ಹೋಗಿರುತ್ತದೆ. ಮೂಗಿಗೆ ಗೊತ್ತಾಗುವ ಹೊತ್ತಿಗೆ ಅಂಟು ಸತ್ತಿರುತ್ತದೆ, ನಾಲಿಗೆಗೆ ಮೊದಲು ಗೊತ್ತಾಗುತ್ತದೆ ಎಂಬುದು ಅಕ್ಕನ ಅನುಭವ. ಆದ್ದರಿಂದ ತಿನಿಸಿನ ಡಬ್ಬಿಯ ಅಂಟಾದರೆ ಬೆಳಿಗ್ಗೆ ಒಂದು ಬೆರಳು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ ನೋಡಿ, "ನಡಿ" ಎನ್ನುತ್ತಿದ್ದಳು. ಇಲ್ಲವಾದರೆ ಇಡೀ ಗಡಿಗೆ ಚರಂಡಿಗೆ. ಅವಳು ತಾನೇ ರುಚಿ ನೋಡಿ "ನಡಿ" ಎಂದ ಡಬ್ಬಿ ಬಿಚ್ಚಿದ್ದನ್ನು ನಾನು ಕಂಡಿಲ್ಲ.

ಇನ್ನು ಆ ದಿನದ ಮಾತು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ವಿರೂಪಣ್ಣ ಸಾವ್ಕಾರ್ರು ಹೊಸದಾಗಿ ಶ್ಯಾವಿಗೆ ಮಿಲ್ಲು ಹಾಕಿದ್ದರು. ಹೆಣ್ಣುಮಕ್ಕಳು ಮನೆಮನೆಯಲ್ಲಿ ಮಣೆ ಇಟ್ಟುಕೊಂಡು ಶ್ಯಾವಿಗೆ ಹೊಸೆಯುತ್ತಿದ್ದ ಕಾಲ ಅದು. ಕೊಂಡು ತಿನ್ನುವ ಶ್ಯಾವಿಗೆಯೂ ಉಂಟೇ ಎಂದು ಊರವರು ನಕ್ಕರೆ ಸಾವ್ಕಾರ್ರು, "ಚಂದನ್ನ ಡಬ್ಯಾಗ ಹಾಕಿ ಕೊಟ್ರ ಈಗಿನ ಮಂದಿ ಕಲ್ಲನ್ನೂ ಕೊಳ್ತಾರ" ಎಂದರು. ಆ ಚಂದದ ಡಬ್ಬಿ ಮಾಡುವ ಕೆಲಸ ನಮಗೆ ಬಂತು. ಅಷ್ಟು ದೊಡ್ಡ ಕೆಲಸ ನಮ್ಮ ಶೆಡ್ಡು ಅದುವರೆಗೆ ಕಂಡಿರಲಿಲ್ಲ. ಅಕ್ಕ ರಟ್ಟನ್ನು ಉಜ್ಜಿ ನೋಡಿ, ಬೆಳಕಿಗೆ ಹಿಡಿದು ನೋಡಿ, ಮೂಲೆಯನ್ನು ಒದ್ದೆ ಮಾಡಿ ನೋಡಿ, ಮೈಲುತುತ್ತವಿಲ್ಲದ ಗಟ್ಟಿ ಮೈದಾ ಅಂಟು ಎಂದು ತೀರ್ಮಾನಿಸಿದಳು. ಬಿಸಿ ಅಂಟು ಹಚ್ಚಿದರೆ ರಟ್ಟು ಡೊಂಕಾಗುತ್ತದೆ. ಅಷ್ಟು ಅಂಟು ಬೆಳಿಗ್ಗೆ ಕಾಸಿದರೆ ಆರುವಷ್ಟರಲ್ಲಿ ಮಧ್ಯಾಹ್ನ. ಆದ್ದರಿಂದ ಹಿಂದಿನ ಸಂಜೆಯೇ ಕಾಸಿ, ಗಡಿಗೆಗಳಿಗೆ ಒದ್ದೆ ಬಟ್ಟೆ ಸುತ್ತಿ ಇಟ್ಟಳು. ಬೆಳಗಾದರೆ ಶ್ರಾವಣ ಸೋಮವಾರ.

ನಮ್ಮ ಮನೆಗಳಲ್ಲಿ ಶ್ರಾವಣ ಸೋಮವಾರ ಒಪ್ಪತ್ತು. ಸಂಜೆ ಪೂಜೆ ಆಗುವವರೆಗೆ ನೀರು ಬಿಟ್ಟು ಬೇರೇನೂ ನಾಲಿಗೆಗೆ ಸೋಕಬಾರದು. ಮೈದಾ ಅಂದರೆ ಧಾನ್ಯ, ಕಾಸಿದ್ದು ಅಂದರೆ ಅಡುಗೆ. ಅದು ಡಬ್ಬಿಯ ಅಂಟು ಎಂದರೆ ಶಿವನೇನೂ ಬೇರೆ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ. ಅಕ್ಕನದು ಒಪ್ಪತ್ತು, ಕೆಲಸಕ್ಕೆ ಬರುವ ಹೆಣ್ಣುಮಕ್ಕಳದೆಲ್ಲ ಒಪ್ಪತ್ತು. ಆ ದಿನ ಇಡೀ ಶೆಡ್ಡಿನಲ್ಲಿ ಉಂಡ ನಾಲಿಗೆ ಎಂದರೆ ನನ್ನದೊಂದೇ.

"ತಮ್ಮಾ, ಏನಾರ ತಿಂದು ಬಂದೀಯಲ್ಲಾ?" ಅಕ್ಕ ಕೇಳಿದಳು.

"ಇಡ್ಲಿ ತಿಂದೀನಿ."

"ಹಂಗಾರ ಈ ಗಡಿಗಿದು ಒಂಚೂರು ನಾಲಿಗಿಗೆ ಹಚ್ಚಿ ನೋಡು. ಹುಳಿ ಹೊಡದ್ರ ಹೇಳು, ಚೆಲ್ಲಿ ಹೊಸದು ಕಾಸ್ತೀನಿ."

"ಅಣ್ಣಾರ, ನೋಡ್ತೀನಂತ ಗಡಿಗಿ ಖಾಲಿ ಮಾಡಬ್ಯಾಡ್ರಿ ಮತ್ತ" ಎಂದಳು ಹನುಮಕ್ಕ. ನಮ್ಮ ಶೆಡ್ಡಿನಲ್ಲಿ ಡಬ್ಬಿ ಮಡಚುವುದರಲ್ಲೂ ಮಾತಿನಲ್ಲೂ ಅವಳನ್ನು ಮೀರಿಸಿದವರಿಲ್ಲ.

ನಾನು ಇಡ್ಲಿ ತಿಂದಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗರಣೆ ಮಂಡಕ್ಕಿಯ ಜೊತೆ ಮಿರ್ಚಿ ತಿಂದು ಬಂದಿದ್ದೆ. ನಮ್ಮ ಕಡೆಯ ಮಿರ್ಚಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ಕಡಲೆ ಹಿಟ್ಟಿನ ಅಂಗಿ ತೊಟ್ಟ ಬೆಂಕಿ. ಆ ದಿನದ್ದಂತೂ ಎಷ್ಟು ಖಾರವಿತ್ತೆಂದರೆ ನಾಲಿಗೆ ಬಾಯಿಯೊಳಗೆ ಇದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿಕೊಳ್ಳುವ ಸ್ಥಿತಿ. ಇಂಥ ನಾಲಿಗೆಗೆ ಅಂಟಿನ ಹುಳಿ ತಿಳಿಯುವುದೆಂದರೇನು? ಹಾಗೆಂದು ಹೇಳಬಹುದಿತ್ತು. ಇಡ್ಲಿಯಾದರೆ ಹಸಿವಿಗೆ ತಿಂದ ಎನ್ನುತ್ತಾರೆ. ಮಿರ್ಚಿ ಎಂದು ಹೇಳಿದರೆ, ಮನೆಮಂದಿಯೆಲ್ಲ ಒಪ್ಪತ್ತು ಇರುವ ದಿನ ಇವನು ಕದ್ದು ಮಿರ್ಚಿ ತಿಂದು ಬಂದ ಎಂದು ಹನುಮಕ್ಕ ಹಾಡು ಕಟ್ಟುವವಳು. ನಾನು ಬೆರಳನ್ನು ಗಡಿಗೆಗೆ ಅದ್ದಿದೆ, ತುಟಿಯವರೆಗೆ ತಂದೆ, ಅಕ್ಕ ಆ ಕಡೆ ತಿರುಗಿದ್ದನ್ನು ನೋಡಿ ಕಂಬಕ್ಕೆ ಒರೆಸಿದೆ.

"ನೋಡಿದ್ಯಾ?"

"ನೋಡ್ದೆ. ಚಲೋ ಐತಿ."

"ಹುಳಿ ಇಲ್ಲಲ್ಲಾ?"

"ಇಲ್ಲವ್ವಾ. ಸಕ್ಕರಿ ಹಾಕಿದ್ರ ಪಾಯಸ."

ಸುಳ್ಳು ಹೇಳುವವನು ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡುತ್ತಾನೆ. ಅಕ್ಕ ನಕ್ಕು "ನಡಿ" ಎಂದಳು.

ಡಬ್ಬಿಗಳು ಕಂಪ್ಲಿ ಮುಟ್ಟಿ ಶ್ಯಾವಿಗೆ ತುಂಬಿದ ಮೇಲೆ ಸಾವ್ಕಾರ್ರು ಸುತ್ತಲಿನ ಅಂಗಡಿಕಾರರನ್ನೆಲ್ಲ ಕರೆದು ಮಿಲ್ಲಿನಲ್ಲಿ ಪೂಜೆ ಇಟ್ಟುಕೊಂಡಿದ್ದರು. ಸಂಡೂರಿನಿಂದಲೂ ವ್ಯಾಪಾರಿಗಳು ಬಂದಿದ್ದರು. ಡಬ್ಬಿಯ ಹೊಗಳಿಕೆಯಲ್ಲಿ ನನ್ನ ಪಾಲು ತೆಗೆದುಕೊಳ್ಳಲು ನಾನೂ ಇಸ್ತ್ರಿ ಪಂಚೆ ಉಟ್ಟು ಹೋಗಿದ್ದೆ. ಮಳೆ ಹಿಡಿದುಕೊಂಡು ಹವೆಯೆಲ್ಲ ಥಂಡಿಯಾಗಿತ್ತು. ಮಂಗಳಾರತಿ ಆಯಿತು. ಸಾವ್ಕಾರ್ರು ತಟ್ಟೆಯಲ್ಲಿದ್ದ ಮೊದಲ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿರಿಯ ಅಂಗಡಿಕಾರರೊಬ್ಬರಿಗೆ ಕೊಡಲು ಹೋದರು. ಡಬ್ಬಿಯ ನಾಲ್ಕು ಗೋಡೆ ಮೇಲೆ ಹೋದವು, ತಳ ತಟ್ಟೆಯಲ್ಲಿ ಉಳಿಯಿತು, ಶ್ಯಾವಿಗೆ ಇಬ್ಬರ ಪಾದದ ಮೇಲೆ ಬಿತ್ತು. ಪಾದಪೂಜೆ ಎಂದು ಯಾರೋ ಹಿಂದಿನಿಂದ ಅಂದರು. ಸಾವ್ಕಾರ್ರು ಇನ್ನೊಂದು ಡಬ್ಬಿ ಎತ್ತಿದರು. ಅದೂ ಹಾಗೆಯೇ. ಮತ್ತೊಂದನ್ನು ತಳಕ್ಕೆ ಕೈಕೊಟ್ಟು, ಹಸುಗೂಸನ್ನು ಎತ್ತುವಂತೆ ಎತ್ತಿದರು. ಅದರ ಪಕ್ಕ ಬಿಚ್ಚಿತು. ನಾನು ಮಂಗಳಾರತಿಯನ್ನು ಕಣ್ಣಿಗೆ ಒತ್ತಿಕೊಂಡವನು ಕೈ ತೆಗೆಯಲೇ ಇಲ್ಲ.

ಮಾರನೆಯ ದಿನ ಸಾವ್ಕಾರ್ರು ಶೆಡ್ಡಿಗೆ ಬಂದರು. ಕುಂದ್ರಿ ಎಂದರೂ ಕೂರಲಿಲ್ಲ.

"ಯಾರು ಕಾಸಿದ್ದು ಈ ಅಂಟು?"

"ನಾನ್ರಿ" ಎಂದಳು ಅಕ್ಕ, ಎದ್ದು ನಿಂತು. ಒಂದು ಡಬ್ಬಿಯನ್ನು ಕೈಗೆ ತೆಗೆದುಕೊಂಡು ಅಂಟಿದ ಜಾಗವನ್ನು ಉಗುರಿನಿಂದ ಕೆರೆದಳು. ಅಂಟು ಪುಡಿಪುಡಿಯಾಗಿ ಉದುರಿತು. ಆಮೇಲೆ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಂಶಯ ಇರಲಿಲ್ಲ. ಇದ್ದಿದ್ದರೆ ನಾನು ಬದುಕುತ್ತಿದ್ದೆ.

"ತಮ್ಮಾ, ನೀ ರುಚಿ ನೋಡಿದ್ಯಲ್ಲಾ? ಹುಳಿ ಇರಲಿಲ್ಲಲ್ಲಾ?"

ನಾನು ತಲೆಯಾಡಿಸಿದೆ. ಅದು ಹೌದೆಂದೂ ಕಾಣಬಹುದು, ಇಲ್ಲವೆಂದೂ ಕಾಣಬಹುದು, ನೊಣ ಓಡಿಸಿದ್ದೆಂದೂ ಕಾಣಬಹುದು. ಅಕ್ಕನಿಗೆ ಹೌದೆಂದು ಕಂಡಿತು.

"ಹಂಗಾರ ಹುಳಿ ಅಲ್ರಿ ಸಾವ್ಕಾರ್ರ. ನನ್ನ ಹದಾನಾ ತಪ್ಪೈತಿ. ನನ್ನ ಕೈದಾ ತಪ್ಪು."

ಇಷ್ಟು ಸರಳವಾಗಿ ತಪ್ಪು ಒಪ್ಪಿಕೊಂಡವರನ್ನು ಬೈಯುವುದು ಸಾವ್ಕಾರ್ರಿಗೂ ಆಗಲಿಲ್ಲ. "ಅಲ್ಲವ್ವ ಗೌರವ್ವ, ಹತ್ತೂರು ಮಂದಿ ಮುಂದ ನನ್ನ ಮಾನ ಉದುರಿಹೋತು" ಎಂದು ಅರ್ಧಕ್ಕೇ ನಿಲ್ಲಿಸಿ, ನನ್ನ ಕಡೆ ತಿರುಗಿ, "ಇನ್ಮ್ಯಾಲೆ ನನ್ನ ಡಬ್ಬಿಗೆ ಈ ಅಂಟು ಬ್ಯಾಡೋ ಪಂಪಣ್ಣ" ಎಂದು ಹೋದರು. ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಆ ಸುಖವನ್ನು ನಾನು ಈಗಲೂ ಮರೆತಿಲ್ಲ. ಅನುಭವಿಸುವಾಗ ಅದು ಇಷ್ಟು ಕಹಿ ಎಂದು ಗೊತ್ತಾಗಿರಲಿಲ್ಲ.

ಆ ವಾರವೇ ಹುಬ್ಬಳ್ಳಿಯಿಂದ, ಕಾರ್ಖಾನೆಯಲ್ಲಿ ತಯಾರಾಗುವ ಬಿಳಿ ಅಂಟಿನ ಏಜೆಂಟ ಬಂದ. ಅವನು ಮೊದಲೂ ಬರುತ್ತಿದ್ದ. ಬಿಳಿ ಅಂಟು ಬೇಕೆಂದು ನಾನು ಕುಣಿಯುತ್ತಿದ್ದೆ. ಅಕ್ಕ, ಕಟ್ಟಿಗೆ ಕೆಲಸಕ್ಕೆ ಚಲೋ, ನಮ್ಮ ಎಲ್ಲ ಡಬ್ಬಿಗೂ ಅದೇ ಯಾಕೆ ಎಂದು ತಡೆಯುತ್ತಿದ್ದಳು. ಈ ಸಲ ತಡೆಯುವವರಿರಲಿಲ್ಲ. ಡ್ರಮ್ಮಿನ ಮುಚ್ಚಳ ತೆಗೆದರೆ ಕೆನೆ ಮೊಸರಿನಂಥ ಅಂಟು. "ಕಾಸೋದಿಲ್ಲ, ಸೋಸೋದಿಲ್ಲ, ಹುಳ ಹತ್ತೋದಿಲ್ಲ. ರುಚಿ ನೋಡೋ ಕೆಲಸಾನಾ ಇಲ್ರಿ ಸಾಹೇಬ್ರ" ಎಂದ. ಈ ಕೊನೆಯ ಮಾತು ನನ್ನ ಎದೆಗೆ ಇಳಿಯಿತು. ನಾಲಿಗೆಯನ್ನು ಕೇಳದ ಅಂಟು! ಅಲ್ಲಿಯೇ ಡ್ರಮ್ಮು ಇಳಿಸಿಕೊಂಡೆ. ಎಲ್ಲಿ ಇಳಿಸುವುದು ಎಂದು ಹಮಾಲರು ಕೇಳಿದರು. ಅಕ್ಕ ತಾನೇ ಒಲೆಯ ಬೂದಿ ಬಳಿದು, ಜಾಗ ಗುಡಿಸಿ, "ಇಲ್ಲೇ ಇಡ್ರಪ್ಪ" ಎಂದಳು. ಮತ್ತೆ ಹನುಮಕ್ಕನ ಪಕ್ಕದಲ್ಲಿ ಹೋಗಿ ಕುಳಿತು ಡಬ್ಬಿಯ ಕಿವಿ ಮಡಚತೊಡಗಿದಳು.

ಬಿಳಿ ಅಂಟನ್ನು ದೂರಿದರೆ ನನ್ನ ನಾಲಿಗೆಗೇ ಹುಳ ಬೀಳಬೇಕು. ಒಳ್ಳೆಯ ಅಂಟು. ಆದರೆ ಅದಕ್ಕೂ ಯಾರಾದರೂ ಯಾಕೆ, ಎಲ್ಲಿ, ಯಾವುದಕ್ಕೆ ಎಂದು ಕೇಳುವವರು ಬೇಕಿತ್ತು. ನಾನು ಕೇಳಲಿಲ್ಲ. ಕಂಡದ್ದಕ್ಕೆಲ್ಲ ಬಳಿದೆ. ಮುಚ್ಚಳ ತೆರೆದಿಟ್ಟೆ, ಮೇಲೆ ಚರ್ಮ ಕಟ್ಟಿತು. ತಗಡಿನ ಕೆಳಗೆ ನಮ್ಮ ಬೇಸಿಗೆಗೆ ಅದು ಗಟ್ಟಿಯಾಯಿತು. ನೀರು ಸುರಿದೆ, ತೆಳ್ಳಗಾಗಿ ಡಬ್ಬಿಯ ಹೊರಗೆಲ್ಲ ಹರಿಯಿತು. ಮೆರುಗಿನ ಡಬ್ಬಿಗೆ ಹಚ್ಚಿದರೆ ಒಣಗಿದ ಮೇಲೆ ಹಲ್ಲಿಯ ಪೊರೆಯಂತೆ ಸಲೀಸಾಗಿ ಎದ್ದು ಬರುತ್ತಿತ್ತು. ಹೆಣ್ಣುಮಕ್ಕಳಿಗೆ ಬೆರಳಿನಿಂದ ಒಣ ಅಂಟಿನ ಪದರ ಕೀಳುವುದೇ ಒಂದು ಆಟವಾಯಿತು. ಅಷ್ಟಾದರೂ ಊರಲ್ಲಿ ನಾನು ಅಂಟಿನ ಪಂಡಿತನೆಂದು ಮೆರೆದೆ. ಭಾವ ಒಮ್ಮೆ ಅಟ್ಟೆ ಬಿಚ್ಚಿದ ಚಪ್ಪಲಿ ತಂದರು. "ಒಂದು ದಿನ ಬಿಡ್ರಿ ಭಾವಾ, ಸಾಯೋ ತನಕ ಬಿಚ್ಚಂಗಿಲ್ಲ" ಎಂದು ಬಿಳಿ ಅಂಟು ಬಳಿದು ಕೊಟ್ಟೆ. ಪಾಪ, ಅವರ ಕೆಲಸವೇ ಕಾಲುವೆ. ಸಂಜೆ ಮೊಳಕಾಲುದ್ದ ನೀರಿಗೆ ಇಳಿದು ಕಸ ತೆಗೆದು ಮೇಲೆ ಹತ್ತಿದಾಗ ಪಾದದ ಮೇಲೆ ಪಟ್ಟಿ ಇತ್ತು, ಅಟ್ಟೆ ಕಂಪ್ಲಿಯ ಗದ್ದೆಗಳ ಕಡೆ ಹೊರಟುಹೋಗಿತ್ತು. ನೀರಿನಲ್ಲಿ ಕಲಸಿದ ಅಂಟಿಗೆ ನೀರೇ ತವರುಮನೆ, ಕರೆದರೆ ಹೊರಟೇಬಿಡುತ್ತದೆ ಎಂದು ಅಕ್ಕ ಹಿಂದೊಮ್ಮೆ ಹೇಳಿದ್ದು ಆಗ ನೆನಪಾಯಿತು. ಭಾವ ಪಟ್ಟಿಗಳನ್ನು ತಂದು ನನ್ನ ಕುರ್ಚಿಯ ಮೇಲೆ ಇಟ್ಟು ಹೋದರು.

ಇದೆಲ್ಲ ನಗುವ ಮಾತಾಯಿತು. ನಗು ಬಾರದ ಮಾತು ಬೇರೆ. ಅಕ್ಕನ ಕೈಯ ಹೋಳಿಗೆಗೆ ನಮ್ಮ ಬಳಗದಲ್ಲಿ ದೊಡ್ಡ ಹೆಸರು. ಕಣಕ ನಾದುವ ಹದ ಅವಳಿಗೇ ಗೊತ್ತು. ಮುಂದಿನ ಯುಗಾದಿಗೆ ನಮ್ಮಾಕೆ ಕರೆಯಲು ಹೋದರೆ ಅಕ್ಕ, "ನೀನಾ ಮಾಡವ್ವ ತಂಗಿ, ನನ್ನ ಕೈ ಹದ ಹೋಗೈತಿ" ಎಂದಳಂತೆ. ಬಿಗುಮಾನಕ್ಕೆ ಹೇಳಿದ್ದಲ್ಲ. ಮೈದಾ ಅಂಟಿನ ಹದ ತಪ್ಪಿದ ಕೈಗೆ ಕಣಕದ ಹದ ಹೇಗೆ ಉಳಿದೀತು ಎಂದು ಅವಳು ನಿಜವಾಗಿಯೂ ನಂಬಿದ್ದಳು. ಯಾರ ಮನೆಯ ಮದುವೆಗೂ ಹೋಳಿಗೆಯ ಮಣೆ ಮುಟ್ಟಲಿಲ್ಲ. ಅನ್ನಕ್ಕೆ ನೀರಿಡುವಾಗಲೂ ಮಗಳನ್ನು ಕರೆದು "ಇಷ್ಟು ಸಾಕೇನು ನೋಡು" ಎನ್ನುತ್ತಿದ್ದಳಂತೆ. ಆ ಯುಗಾದಿಗೆ ನಮ್ಮಾಕೆ ಹೋಳಿಗೆ ಮಾಡಿದಳು. ಇದನ್ನು ಡಬ್ಬಿಯ ತಳಕ್ಕೆ ಬಡಿದರೆ ಚೆನ್ನಾಗಿ ಹಿಡಿದೀತು ಎಂದು ನನ್ನ ಬಾಯಿ ತಪ್ಪಿತು. "ಹಂಗಿದ್ರ ಡಬ್ಬಿಗೇ ತಿನ್ನಸ್ರಿ, ನಿಮಗ್ಯಾಕ?" ಎಂದು ತಟ್ಟೆ ಎತ್ತಿಕೊಂಡು ಹೋದಳು.

ಹೇಳಿಬಿಡಬೇಕೆಂದು ನಾನು ಹೊರಟದ್ದುಂಟು. ಬಾಳೆಹಣ್ಣು, ಮಲ್ಲಿಗೆ ಹಿಡಿದು ಅಕ್ಕನ ಮನೆಗೆ ಹೋಗಿ, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂದು ಭಾವನನ್ನು ಕೇಳಿ, ಚಹಾ ಕುಡಿದು ಬಂದೆ. "ಯಾಕ ಬಂದಿದ್ದಿ ತಮ್ಮಾ?" ಎಂದು ಬಾಗಿಲವರೆಗೆ ಬಂದು ಕೇಳಿದಳು. "ಸುಮ್ಮನ" ಎಂದೆ. ಇನ್ನೊಮ್ಮೆ ಕಡ್ಡಿರಾಂಪುರದ ದಾರಿಯಲ್ಲಿ ಸೈಕಲ್ ತುಳಿದು ಹಂಪಿಗೆ ಹೋಗಿ ವಿರೂಪಾಕ್ಷನ ಮುಂದೆ ನಿಂತು ಎಲ್ಲವನ್ನೂ ಹೇಳಿಕೊಂಡೆ. ದೇವರಿಗೆ ಹೇಳುವುದರಲ್ಲಿ ಒಂದು ಅನುಕೂಲವೆಂದರೆ ಅವನು ಅಡ್ಡಪ್ರಶ್ನೆ ಹಾಕುವುದಿಲ್ಲ. ಅನನುಕೂಲವೆಂದರೆ ಅಕ್ಕನಿಗೆ ಹೇಳುವುದಿಲ್ಲ.

ಸಾವ್ಕಾರ್ರ ಶ್ಯಾವಿಗೆ ಮಾತ್ರ ಓಡಿತು. ಬಿಳಿ ಅಂಟು ಹಚ್ಚಿದ ನಮ್ಮ ಡಬ್ಬಿಯನ್ನೇ ಜನ ಕೊಂಡರು. ಹೀಗೆ ಕೆಲವು ವರ್ಷ ಕಳೆದ ಮೇಲೆ ಹೊಸ ತಕರಾರು ಹುಟ್ಟಿತು. ಒಂದು ದಿನ ಅವರು ಜೀಪಿನಿಂದ ಇಳಿದವರೇ ಒಂದು ಡಬ್ಬಿಯನ್ನು ನನ್ನ ಮೂಗಿಗೆ ಹಿಡಿದರು.

"ಏನು ವಾಸನಿ ಬರ್ತೈತಿ ಹೇಳು."

"ಶ್ಯಾವಿಗಿದ್ರಿ."

"ಇನ್ನೊಂದ್ಸಲ ನೋಡು. ಪಾಯಸ ಆಸ್ಪತ್ರಿ ವಾಸನಿ ಹೊಡಿತೈತಿ ಅಂತ ಗಿರಾಕಿಗಳು ತಿರುಗಿ ತಂದು ಒಗೀತಾರೋ ಮಾರಾಯ."

ನಿಜವಾಗಿಯೂ ಏನೋ ಹುಳಿ ಹುಳಿ ವಾಸನೆ. ಈಚೆಗೆ ಬೇಡಿಕೆ ಹೆಚ್ಚಾಗಿ, ಅವಸರದಲ್ಲಿ ಅಂಟಿಸಿದ ದಿನವೇ ಡಬ್ಬಿ ಕಳಿಸುತ್ತಿದ್ದೆ. ಬಿಳಿ ಅಂಟಿನ ಹಸಿ ವಾಸನೆ ಡಬ್ಬಿಯೊಳಗೇ ಉಳಿದು ಶ್ಯಾವಿಗೆಗೆ ಹಿಡಿದಿತ್ತು. "ಬಾಯಿ ತೆರದು ಗಾಳಿಗೆ ಇಟ್ಟಿದ್ರ ಹೋಗ್ತಿತ್ತು" ಎಂದು ಮೂಲೆಯಿಂದ ಅಕ್ಕ ಮೆಲ್ಲಗೆ, ಯಾರಿಗೂ ಅಲ್ಲವೆಂಬಂತೆ, ಕೈಯಲ್ಲಿದ್ದ ಡಬ್ಬಿಗೆ ಹೇಳಿದಳು.

ಸಾವ್ಕಾರ್ರಿಗೆ ತಾಳ್ಮೆ ಇರಲಿಲ್ಲ. "ಗಾಳಿ ಗೀಳಿ ಬ್ಯಾಡ. ಮೊದಲಿನಂಗ ಮೈದಾ ಅಂಟು ಹಾಕು. ಅದಕ್ಕ ವಾಸನಿ ಇರಂಗಿಲ್ಲ" ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಕ್ಕ ಎದ್ದು ಒಲೆಯ ಕಡೆ ಬರುತ್ತಾಳೆ, ನಾನೇನೂ ಹೇಳಬೇಕಾಗಿಲ್ಲ, ಎಲ್ಲವೂ ತನ್ನಷ್ಟಕ್ಕೆ ನೆಟ್ಟಗಾಯಿತು ಎಂದುಕೊಂಡೆ. ಹೇಡಿಗೆ ಕೊನೆಯವರೆಗೂ ಇದೇ ಆಸೆ. ಅಷ್ಟರಲ್ಲಿ ಸಾವ್ಕಾರ್ರು ಅಕ್ಕನ ಕಡೆ ತಿರುಗಿ, ಬಹಳ ಮೆತ್ತಗೆ ಹೇಳಿದರು:

"ತಪ್ಪು ತಿಳ್ಕಾಬ್ಯಾಡವ್ವ ಗೌರವ್ವ. ಅಂಟು ಬ್ಯಾರೆ ಯಾರಾರ ಕಾಸ್ಲಿ. ನಿನ್ನ ಕೈ ನನಗ ಆಗಿಬರಲಿಲ್ಲ."

"ಹೌದ್ರಿ ಸಾವ್ಕಾರ್ರ" ಎಂದಳು ಅಕ್ಕ. "ನನ್ನ ಕೈ ಕೆಟ್ಟೈತಿ. ಹನುಮಕ್ಕಗ ಹೇಳಿಕೊಡ್ತೀನಿ, ಆಕಿ ಕಾಸ್ತಾಳ." ಎರಡು ಅಂಗೈಗಳನ್ನೂ ಒಮ್ಮೆ ತಿರುವಿ ನೋಡಿಕೊಂಡು ಸೆರಗಿನೊಳಗೆ ಇಟ್ಟುಕೊಂಡಳು.

ಅವಳು ಅತ್ತಿದ್ದರೆ ನಾನು ಇನ್ನೊಂದಷ್ಟು ವರ್ಷ ತಡೆದುಕೊಳ್ಳುತ್ತಿದ್ದೆನೋ ಏನೋ. ಕೈ ಮುಚ್ಚಿಟ್ಟುಕೊಂಡದ್ದನ್ನು ನೋಡಲು ಆಗಲಿಲ್ಲ.

"ಸಾವ್ಕಾರ್ರ, ಆವತ್ತು ಹವಾ ಒಂಥರಾ ಥಂಡಿ ಇತ್ತು..." ಎಂದು ಶುರುಮಾಡಿದೆ.

"ಹವಾ ಅಲ್ಲೋ, ಅಂಟು."

"ಅಂಟಾ. ಅಂದ್ರ, ಅಂಟಂದ್ರ ಏನು, ಮೈದಾ. ಮೈದಾ ಚಲೋದಿತ್ತು. ಆದ್ರ ಸೋಮವಾರ ನೋಡ್ರಿ, ಎಲ್ಲಾರದೂ ಒಪ್ಪತ್ತು. ನಾಲಿಗಿ..."

"ಯಾರ ನಾಲಿಗಿರಿ ಅಣ್ಣಾರ?" ಎಂದಳು ಹನುಮಕ್ಕ, ಮಡಚುತ್ತಿದ್ದ ಡಬ್ಬಿಯನ್ನು ಕೆಳಗಿಟ್ಟು. ಉಳಿದ ಹೆಣ್ಣುಮಕ್ಕಳೂ ಕೆಳಗಿಟ್ಟರು.

"ಅದಾ, ಒಟ್ಟಾರೆ ನಾಲಿಗಿ ಅನ್ನೋದು..."

"ಏನಾತೋ ತಮ್ಮಾ ನಿನಗ?" ಎಂದಳು ಅಕ್ಕ. "ಯಾಕ ಹಂಗ ತಡಬಡಸ್ತಿ? ನೆಟ್ಟಗ ಹೇಳು."

ಗಿರಾಕಿಗಳ ಹತ್ತಿರ ಮಾತಾಡಿಯೇ ಬದುಕಿದವನು ನಾನು. ಈ ಶೆಡ್ಡಿನಲ್ಲಿ ನಿಂತು ಎಷ್ಟು ಮಾತು ಮಾರಿದ್ದೇನೋ ಲೆಕ್ಕವಿಲ್ಲ. ಆ ದಿನ ನಾಲ್ಕು ಮಾತಿಗೆ ತಡಕಾಡಿ, ಕಂಬ ಹಿಡಿದುಕೊಂಡು ನಿಂತೆ. ಚಂದ ಮಾಡಿ ಬರೆಯುವಷ್ಟು ಓದು ನನಗಿಲ್ಲ. ಎಲ್ಲರ ಮುಂದೆ ಬಾಯಿಂದ ಹೇಗೆ ಬಿತ್ತೋ ಹಾಗೆಯೇ ಬರೆದಿಡುತ್ತೇನೆ.

"ಅಕ್ಕಾ, ಆವತ್ತು ನಾ ರುಚಿ ನೋಡಲಿಲ್ಲ. ನೋಡೀನಂತ ಸುಳ್ಳು ಹೇಳ್ದೆ. ಮಂದಿ ಮುಂದ ನಿನ್ನ ತಪ್ಪು ಅಂತ ಆದಾಗ್ಲೂ ಬಾಯಿ ಮುಚ್ಚಿಕೊಂಡು ನಿಂತೆ. ನಿನ್ನ ಕೈ ಕೆಟ್ಟಿಲ್ಲ, ಎಂದೂ ಕೆಟ್ಟಿದ್ದಿಲ್ಲ. ನಂದಾ ತಪ್ಪು. ತಪ್ಪಾತವ್ವಾ, ಹೊಟ್ಟಿಗೆ ಹಾಕ್ಕ."